ಇದ್ದಿಲಿನ ಕಣಜಕ್ಕೆ ಮಲೆನಾಡಿನ ಷರತ್ತು

ಗಣೇಶಗುಡಿಯ ಸೇತುವೆಯ ಮೇಲೆ ನಿಂತು ನೋಡಿದರೆ ಕಾಳಿ ನದಿಯ ಏರಿಳಿತ ಮಳೆಯ ಲೆಕ್ಕಕ್ಕೆ ಸಿಗುವುದಿಲ್ಲ. ಬಿರುಬೇಸಿಗೆಯಲ್ಲೂ ನದಿ ಒಮ್ಮೆಲೇ ಮೈದುಂಬಿ ಹರಿಯುತ್ತದೆ. ಕೆಲವೇ ತಾಸುಗಳಲ್ಲಿ ಮತ್ತೆ ಬಂಡೆಗಳು ತಲೆಯೆತ್ತುತ್ತವೆ. ಇಲ್ಲಿ ನದಿಯ ವೇಳಾಪಟ್ಟಿಯನ್ನು ಬರೆಯುವುದು ರಾಜ್ಯದ ವಿದ್ಯುತ್ ಜಾಲದ ಬೇಡಿಕೆ. ಅಣೆಕಟ್ಟಿನ ಬುಡದ ವಿದ್ಯುದಾಗಾರ ತಿರುಗಿದರೆ ನೀರು, ನಿಂತರೆ ಬಂಡೆ. ಪ್ರವಾಸಿಗರ ರಬ್ಬರ್ ದೋಣಿಗಳು ಕೂಡ ಇದೇ ಗಡಿಯಾರಕ್ಕೆ ಕಾಯುತ್ತವೆ.

101 ಮೀಟರ್ ಎತ್ತರದ ಸುಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಅದರ ಹಿಂದೆ ನಿಲ್ಲುವ ನೀರು ಸುಮಾರು 147 ಟಿಎಂಸಿ. ಬುಡದಲ್ಲಿರುವ 100 ಮೆಗಾವ್ಯಾಟ್ ವಿದ್ಯುದಾಗಾರದ ಬಳಿಕ ಅದೇ ನೀರು ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿಯೂ ದುಡಿದು ಸಮುದ್ರ ಸೇರುತ್ತದೆ. ಈ ಜಲಾಶಯವನ್ನು ವಿದ್ಯುತ್ತಿನ ಕಣಜವೆಂದೇ ಕರೆಯಬೇಕು. ಸುಗ್ಗಿಯಲ್ಲಿ ತುಂಬಿಟ್ಟ ಭತ್ತವನ್ನು ವರ್ಷವಿಡೀ ಅಳೆದು ತೆಗೆಯುವಂತೆ, ಮಳೆಗಾಲದಲ್ಲಿ ತುಂಬಿಟ್ಟ ನೀರನ್ನು ಬೇಕೆಂದಾಗ ಅಳೆದು ಬಿಡಲಾಗುತ್ತದೆ. ಈ ಕಣಜ ಕಟ್ಟಲು ಸುಪಾ ಪಟ್ಟಣವೇ ಮುಳುಗಿತು. ಅಲ್ಲಿನ ಜನ ರಾಮನಗರದಲ್ಲಿ ಹೊಸ ಬದುಕು ಕಟ್ಟಿಕೊಳ್ಳಬೇಕಾಯಿತು. ಕಣಜದ ಪಕ್ಕದಲ್ಲೇ ಇದ್ದ ಕಾಡೊಳಗಿನ ಎಷ್ಟೋ ಮಜರೆಗಳಿಗೆ ಕಂಬ-ತಂತಿ ತಲುಪಿದ್ದು ಬಹಳ ತಡವಾಗಿ.

‘ಸಂಗ್ರಹ’ ಎಂಬ ಶಬ್ದ ಈಗ ಮತ್ತೆ ಮಲೆನಾಡಿನ ಬಾಗಿಲು ತಟ್ಟುತ್ತಿದೆ. ಬಯಲುಸೀಮೆಯಲ್ಲಿ ಪಾವಗಡದಂತಹ ದೊಡ್ಡ ಸೌರ ಪಾರ್ಕುಗಳು ಎದ್ದಿವೆ. ಸೂರ್ಯ ಹಗಲಿನಲ್ಲಿ ಕೊಡುತ್ತಾನೆ, ಊರಿಗೆ ದೀಪ ಬೇಕಾಗುವುದು ಸಂಜೆಯ ಮೇಲೆ. ಈ ಅಂತರವನ್ನು ತುಂಬುವ ಹೆಸರಿನಲ್ಲಿ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡು, ಕಾಡಿನ ನಷ್ಟದ ಕಾರಣಕ್ಕೆ ತೀವ್ರ ವಿರೋಧವನ್ನು ಎದುರಿಸಿತು. ಇದೇ ಹೊತ್ತಿನಲ್ಲಿ ಮತ್ತೊಂದು ಸುದ್ದಿ ವಿದ್ಯಾರ್ಥಿಗಳ ಕಿವಿಗೆ ಬೀಳುತ್ತಿದೆ: ಇಂಗಾಲದ ನ್ಯಾನೊ ವಸ್ತುಗಳಿಂದ ಮಾಡಿದ ಸೂಪರ್‌ಕೆಪಾಸಿಟರ್‌ಗಳು ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ತುಂಬಿಕೊಳ್ಳುತ್ತವೆ, ಲಕ್ಷಾಂತರ ಸಲ ಬಳಸಿದರೂ ಸವೆಯುವುದಿಲ್ಲ, ಅವುಗಳ ಕಚ್ಚಾವಸ್ತು ತೆಂಗಿನ ಕರಟ, ಬಿದಿರು, ಅಡಿಕೆ ಸಿಪ್ಪೆ. ಹಾಗಾದರೆ ಇನ್ನು ಅಣೆಕಟ್ಟುಗಳೇ ಬೇಡವಲ್ಲ ಎಂಬ ಉತ್ಸಾಹ ಸಹಜ. ಈ ಸುದ್ದಿಯಲ್ಲಿ ನಿಜವಿದೆ, ಅತಿಯಾಸೆಯೂ ಇದೆ. ಎರಡನ್ನೂ ಕೇರಿ ಬೇರ್ಪಡಿಸಿಕೊಳ್ಳದಿದ್ದರೆ ಮಲೆನಾಡು ಮತ್ತೊಮ್ಮೆ ಕಚ್ಚಾವಸ್ತುವಿನ ಕಣಿಯಾಗುವ ಅಪಾಯವಿದೆ.

ಅರ್ಧ ಎಕರೆಯ ಇದ್ದಿಲು

ಕೆಪಾಸಿಟರ್ ಹಳ್ಳಿಗೆ ಹೊಸತಲ್ಲ. ಸೀಲಿಂಗ್ ಫ್ಯಾನಿನೊಳಗೆ ಬೆರಳುದ್ದದ ಒಂದು ಡಬ್ಬಿಯಾಗಿ ಅದು ಕುಳಿತಿದೆ. ಗದ್ದೆಯಂಚಿನ ಸೌರಬೇಲಿಯ ಪೆಟ್ಟಿಗೆಯಿಂದ ಸೆಕೆಂಡಿಗೊಮ್ಮೆ ಬರುವ ‘ಟಕ್’ ಎಂಬ ಸದ್ದು ಅದರದೇ. ಬ್ಯಾಟರಿಯಿಂದ ನಿಧಾನವಾಗಿ ವಿದ್ಯುತ್ತನ್ನು ತುಂಬಿಕೊಂಡ ಕೆಪಾಸಿಟರ್, ಅದನ್ನು ಕಣ್ಣು ಮಿಟುಕಿಸುವುದರೊಳಗೆ ತಂತಿಗೆ ಸುರಿಯುತ್ತದೆ. ಕಾಡುಹಂದಿ ಬೆಚ್ಚಿ ಹಿಂದೆ ಸರಿಯುತ್ತದೆ. ನಿಧಾನವಾಗಿ ತುಂಬಿಕೊಂಡು ಒಮ್ಮೆಲೇ ಕೊಡುವುದು ಕೆಪಾಸಿಟರಿನ ಗುಣ.

ಅದರ ರಚನೆ ಸರಳ. ಎರಡು ವಾಹಕ ಫಲಕಗಳು, ನಡುವೆ ತುಸು ಅಂತರ. ಒಂದರಲ್ಲಿ ಧನ ಆವೇಶ, ಮತ್ತೊಂದರಲ್ಲಿ ಋಣ ಆವೇಶ ಕೂಡುತ್ತದೆ. ಫಲಕದ ವಿಸ್ತಾರ ಹೆಚ್ಚಿದಷ್ಟೂ, ನಡುವಿನ ಅಂತರ ಕಿರಿದಾದಷ್ಟೂ ಹೆಚ್ಚು ಆವೇಶ ಹಿಡಿಸುತ್ತದೆ. ಲೋಹದ ಹಾಳೆಯನ್ನು ಎಷ್ಟು ಸುತ್ತಿದರೂ ಈ ಎರಡಕ್ಕೂ ಮಿತಿಯಿದೆ.

ಆ ಮಿತಿಯನ್ನು ದಾಟುವ ದಾರಿ ಇದ್ದಿಲಿನಲ್ಲಿತ್ತು. ಘನವಸ್ತುವೊಂದನ್ನು ಲವಣದ ದ್ರಾವಣದಲ್ಲಿ ಅದ್ದಿ ಆವೇಶ ಕೊಟ್ಟಾಗ, ವಿರುದ್ಧ ಆವೇಶದ ಅಯಾನುಗಳು ಅದರ ಮೈಗೆ ಬಂದು ಅಂಟಿದಂತೆ ನಿಲ್ಲುತ್ತವೆ. ಈ ಜೋಡಿ ಪದರದ ವಿಚಾರವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದ ನಡುವಿನಲ್ಲೇ ಮಂಡಿಸಿದ್ದರು. ಇಲ್ಲಿ ಎರಡು ಆವೇಶಗಳ ನಡುವಿನ ಅಂತರ ಒಂದು ನ್ಯಾನೊಮೀಟರಿಗೂ ಕಡಿಮೆ, ಅಂದರೆ ಮೀಟರಿನ ನೂರು ಕೋಟಿಯ ಒಂದು ಪಾಲಿನಷ್ಟೂ ಇಲ್ಲ. ಅಂತರದ ಸಮಸ್ಯೆ ಹೀಗೆ ನೀಗಿತು. ವಿಸ್ತಾರಕ್ಕೆ ಒದಗಿದ್ದು ರಂಧ್ರಮಯ ಇಂಗಾಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಇಂತಹ ಇಂಗಾಲದ ಕೆಪಾಸಿಟರಿಗೆ 1957ರಲ್ಲಿ ಪೇಟೆಂಟ್ ಪಡೆಯಿತು.

ಕರಟವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಅದನ್ನು ಸುಮಾರು 800-900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆಗೆ ಒಡ್ಡಿದರೆ ಒಳಮೈಯೆಲ್ಲ ಕಣ್ಣಿಗೆ ಕಾಣದ ಸುರಂಗಗಳಾಗುತ್ತವೆ. ಇದೇ ಸಕ್ರಿಯ ಇಂಗಾಲ. ಕುಡಿಯುವ ನೀರಿನ ಫಿಲ್ಟರಿನಲ್ಲಿರುವುದೂ ಇದೇ. ಇದರ ಒಂದು ಗ್ರಾಂನೊಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 1000ದಿಂದ 2000 ಚದರ ಮೀಟರ್ ಆಗುತ್ತದೆ. ರೈತನ ಲೆಕ್ಕದಲ್ಲಿ ಹತ್ತರಿಂದ ಇಪ್ಪತ್ತು ಗುಂಟೆ. ಒಂದು ಚಿಟಿಕೆ ಇದ್ದಿಲಿನೊಳಗೆ ಅರ್ಧ ಎಕರೆ ಗದ್ದೆ ಅಡಗಿ ಕುಳಿತಂತೆ!

‘ನ್ಯಾನೊ’ ಎಂಬ ಶಬ್ದಕ್ಕೆ ಹೆದರಬೇಕಾದ ಕಾರಣವಿಲ್ಲವೆಂಬುದೂ ಇಲ್ಲೇ ತಿಳಿಯುತ್ತದೆ. ಬಚ್ಚಲೊಲೆಯ ಕರಟದ ಇದ್ದಿಲಿನ ಸೂಕ್ಷ್ಮರಂಧ್ರಗಳು ಕೂಡ ನ್ಯಾನೊ ಅಳತೆಯವೇ. ಇತ್ತೀಚಿನ ದಶಕಗಳ ವಿಜ್ಞಾನ ಈ ರಚನೆಯನ್ನು ಬೇಕಾದ ಹಾಗೆ ಪಳಗಿಸಲು ಹೊರಟಿತು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ನ್ಯಾನೊ ಕೊಳವೆಗಳನ್ನು ವಿವರಿಸಿದರು. 2004ರಲ್ಲಿ ಗೈಮ್ ಮತ್ತು ನೊವೊಸೆಲೊವ್ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯನ್ನು, ಅಂದರೆ ಗ್ರಾಫೀನನ್ನು, ಬೇರ್ಪಡಿಸಿ ತೋರಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಗ್ರಾಫೀನಿನ ಒಂದು ಗ್ರಾಂಗೆ ಲೆಕ್ಕಾಚಾರದಂತೆ 2630 ಚದರ ಮೀಟರ್ ಮೈಯಿದೆ. ಅಯಾನಿನ ಗಾತ್ರಕ್ಕೆ ಹೊಂದುವ, ಒಂದು ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳಲ್ಲಿ ಆವೇಶದ ಸಂಗ್ರಹ ಇನ್ನೂ ಹೆಚ್ಚುತ್ತದೆಂದು 2006ರಲ್ಲಿ ಗೊಗೊಟ್ಸಿ, ಸಿಮೊನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಕರ್ನಾಟಕವೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2008ರಲ್ಲಿ ಗ್ರಾಫೀನಿನ ಸೂಪರ್‌ಕೆಪಾಸಿಟರ್ ಕುರಿತು ಪ್ರಬಂಧ ಪ್ರಕಟಿಸಿತು. ಗಂಧಕಾಮ್ಲದ ದ್ರಾವಣದಲ್ಲಿ ಗ್ರಾಂಗೆ 117 ಫ್ಯಾರಡ್‌ವರೆಗೆ ಸಾಮರ್ಥ್ಯ ದೊರಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ ಅವರ ತಂಡ ಸೀಸ ಮತ್ತು ಇಂಗಾಲವನ್ನು ಜೋಡಿಸಿದ ಮಿಶ್ರ ಸೂಪರ್‌ಕೆಪಾಸಿಟರ್‌ಗಳನ್ನು ರೂಪಿಸಿತು. ನೆರೆಯ ಕೇರಳದ ಕಣ್ಣೂರಿನಲ್ಲಿ ಕೆಲ್ಟ್ರಾನ್ ಸಂಸ್ಥೆ ಇಸ್ರೋದ ತಂತ್ರಜ್ಞಾನದ ನೆರವಿನಿಂದ ಸೂಪರ್‌ಕೆಪಾಸಿಟರ್ ತಯಾರಿಕಾ ಘಟಕವನ್ನು 2024ರಲ್ಲಿ ಆರಂಭಿಸಿತು. ಅಂದರೆ ಬೇಡಿಕೆ ಪಶ್ಚಿಮಘಟ್ಟದ ತಪ್ಪಲಿಗೇ ಬಂದು ನಿಂತಿದೆ.

ಆದರೂ ಒಂದು ಮಾತು ನೆನಪಿರಬೇಕು. ಗ್ರಾಫೀನ್ ಹಾಳೆಗಳು ಒಣಗಿದಾಗ ಇಸ್ಪೀಟು ಎಲೆಗಳಂತೆ ಒಂದರ ಮೇಲೊಂದು ಅಂಟಿಕೊಂಡು ತಮ್ಮ ವಿಸ್ತಾರವನ್ನು ಕಳೆದುಕೊಳ್ಳುತ್ತವೆ. ನ್ಯಾನೊ ಕೊಳವೆಗಳು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತವೆ, ಆದರೆ ದುಬಾರಿ. ಹೀಗಾಗಿ ಮಾರುಕಟ್ಟೆಯ ಸೂಪರ್‌ಕೆಪಾಸಿಟರ್‌ಗಳ ವಿದ್ಯುದ್ವಾರಗಳಲ್ಲಿ ಹೆಚ್ಚಿನ ಪಾಲು ಇರುವುದು ಇಂದಿಗೂ ಸಕ್ರಿಯ ಇಂಗಾಲವೇ. ಅದಕ್ಕೆ ಬಹುವಾಗಿ ಒಪ್ಪಿಗೆಯಾದ ಕಚ್ಚಾವಸ್ತು ಗಟ್ಟಿಯಾದ, ಬೂದಿ ಕಡಿಮೆಯಿರುವ ತೆಂಗಿನ ಕರಟ.

ಒಂದು ಕೊಡ ನೀರಿನಷ್ಟು

ಇನ್ನು ಅಳತೆಯ ಮಾತು. ಮಾರುಕಟ್ಟೆಯಲ್ಲಿ ಸಿಗುವ ದೊಡ್ಡ ಸೂಪರ್‌ಕೆಪಾಸಿಟರ್ ಬಿಲ್ಲೆಯೊಂದರ ಸಾಮರ್ಥ್ಯ 3000 ಫ್ಯಾರಡ್, ಒತ್ತಡ 2.7 ವೋಲ್ಟ್, ತೂಕ ಸುಮಾರು ಅರ್ಧ ಕಿಲೊ. ಫ್ಯಾನಿನ ಕೆಪಾಸಿಟರ್ ಸಾಮಾನ್ಯವಾಗಿ ಎರಡೂವರೆ ಮೈಕ್ರೊಫ್ಯಾರಡ್. ಬರಿಯ ಫ್ಯಾರಡ್ ಲೆಕ್ಕದಲ್ಲಿ ಇದು ಅದರ ನೂರು ಕೋಟಿ ಪಟ್ಟಿಗೂ ಮಿಗಿಲು. ಕೇಳಿದರೆ ಬೆರಗಾಗುತ್ತದೆ. ಆದರೆ ಅದರಲ್ಲಿ ತುಂಬಿರುವ ಒಟ್ಟು ಶಕ್ತಿಯನ್ನು ಲೆಕ್ಕ ಹಾಕಿದರೆ ಸುಮಾರು 11,000 ಜೌಲ್, ಅಂದರೆ 3 ವ್ಯಾಟ್-ತಾಸು. 3 ವ್ಯಾಟಿನ ಎಲ್‌ಇಡಿ ದೀಪವೊಂದು ಒಂದು ತಾಸು ಉರಿಯುವಷ್ಟು. ಸುಪಾ ಅಣೆಕಟ್ಟಿನ ತುದಿಯಿಂದ ಬುಡಕ್ಕೆ 11 ಲೀಟರ್ ನೀರು ಬಿದ್ದರೆ ಸಿಗುವ ಶಕ್ತಿಯೂ ಇಷ್ಟೇ. ಅರ್ಧ ಕಿಲೊದ ಬಿಲ್ಲೆ, ಒಂದು ಕೊಡ ನೀರು!

ಅಣೆಕಟ್ಟನ್ನಾಗಲಿ ಪಂಪ್ಡ್ ಸ್ಟೋರೇಜನ್ನಾಗಲಿ ಸೂಪರ್‌ಕೆಪಾಸಿಟರ್‌ಗಳಿಂದ ಬದಲಿಸಬಹುದೆನ್ನುವ ವಾದ ಈ ಲೆಕ್ಕದೆದುರು ನಿಲ್ಲುವುದಿಲ್ಲ. ಕಾಡನ್ನು ಉಳಿಸಬೇಕೆನ್ನುವವರು ಇಂತಹ ಸಡಿಲ ವಾದವನ್ನು ಕೈಗೆತ್ತಿಕೊಂಡರೆ ಎದುರಾಳಿಗೆ ಸುಲಭದ ತುತ್ತಾಗುತ್ತಾರೆ. ಕಾಡಿನ ಪರವಾದ ವಾದಕ್ಕೆ ಮಣ್ಣು, ನೀರು, ಜನಜೀವನ ಇವುಗಳ ಆಧಾರ ಸಾಕಷ್ಟಿದೆ. ಅದೇ ತೂಕದ ಸೀಸದ ಬ್ಯಾಟರಿ ಕೂಡ ಸೂಪರ್‌ಕೆಪಾಸಿಟರಿಗಿಂತ ಹಲವು ಪಟ್ಟು ಹೆಚ್ಚು ಶಕ್ತಿಯನ್ನು ಹಿಡಿದಿಡುತ್ತದೆ. ಲಿಥಿಯಂ ಬ್ಯಾಟರಿ ಇನ್ನೂ ಹೆಚ್ಚು. ಮೇಲಾಗಿ ಸೂಪರ್‌ಕೆಪಾಸಿಟರ್ ತುಂಬಿಕೊಂಡದ್ದನ್ನು ಬಹಳ ದಿನ ಕಾಪಾಡುವುದಿಲ್ಲ. ತೂತು ಕೊಡದಂತೆ ನಿಧಾನವಾಗಿ ಸೋರುತ್ತದೆ.

ಅದರ ಹೆಚ್ಚುಗಾರಿಕೆ ವೇಗದಲ್ಲಿ ಮತ್ತು ಬಾಳಿಕೆಯಲ್ಲಿದೆ. ಬ್ಯಾಟರಿಯೊಳಗೆ ಪ್ರತಿ ಸಲವೂ ರಾಸಾಯನಿಕ ಬದಲಾವಣೆ ನಡೆದು ಫಲಕ ಸವೆಯುತ್ತದೆ. ಇಲ್ಲಿ ಅಯಾನು ಬಂದು ಕೂರುತ್ತದೆ, ಎದ್ದು ಹೋಗುತ್ತದೆ, ಅಷ್ಟೇ. ಆದ್ದರಿಂದ ಐದರಿಂದ ಹತ್ತು ಲಕ್ಷ ಸಲ ತುಂಬಿ ಬರಿದು ಮಾಡಿದರೂ ಬಾಳುತ್ತದೆ. ಚೀನಾದ ಶಾಂಘೈ ನಗರದಲ್ಲಿ 2006ರಿಂದ ಓಡತೊಡಗಿದ ಸೂಪರ್‌ಕೆಪಾಸಿಟರ್ ಬಸ್ಸುಗಳು ನಿಲ್ದಾಣದಲ್ಲಿ ಜನ ಹತ್ತಿ ಇಳಿಯುವಷ್ಟರಲ್ಲಿ ಮುಂದಿನ ದಾರಿಗೆ ಬೇಕಾದ ವಿದ್ಯುತ್ತನ್ನು ತುಂಬಿಕೊಳ್ಳುತ್ತಿದ್ದವು.

ಮಲೆನಾಡಿನಲ್ಲಿ ಈ ಗುಣಕ್ಕೆ ತಕ್ಕ ಕೆಲಸವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾಗಳ ಹಳ್ಳಗಳ ಬದಿಯಲ್ಲಿ ಮನೆಮಟ್ಟದ ಕಿರು ಟರ್ಬೈನುಗಳು ತಿರುಗುತ್ತವೆ. ಸೂರ್ಯ ಮರೆಯಾಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೌರಫಲಕ ಮಂಕಾದಾಗ ಹಳ್ಳ ತುಂಬಿ ಹರಿಯುತ್ತದೆ. ಆದರೆ ಒಂದು ಕಿಲೊವ್ಯಾಟಿನ ಟರ್ಬೈನ್ ಇದ್ದ ಮನೆಯಲ್ಲಿ ಪಂಪಿನ ಮೋಟಾರು ಚಾಲೂ ಮಾಡಿದೊಡನೆ ದೀಪಗಳೆಲ್ಲ ಕಂದುತ್ತವೆ, ಏಕೆಂದರೆ ಮೋಟಾರು ಹೊರಡುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಆ ಎರಡು-ಮೂರು ಸೆಕೆಂಡುಗಳ ಹೊರೆಯನ್ನು ಹೊರಲು ಸೂಪರ್‌ಕೆಪಾಸಿಟರಿಗಿಂತ ತಕ್ಕ ಹೆಗಲಿಲ್ಲ. ಇನ್ವರ್ಟರಿನ ಬ್ಯಾಟರಿಯ ಜೊತೆಗೆ ಅದನ್ನು ಜೋಡಿಸಿದರೆ ಬ್ಯಾಟರಿಯ ಮೇಲಿನ ಹಠಾತ್ ಎಳೆತ ತಗ್ಗಿ ಅದರ ಆಯುಷ್ಯ ಹೆಚ್ಚುತ್ತದೆ. ಕೆಲವೇ ವರ್ಷಗಳಿಗೊಮ್ಮೆ ಗುಜರಿಗೆ ಬೀಳುವ ಸೀಸದ ಪ್ರಮಾಣ ಕಡಿಮೆಯಾದರೆ ಅದು ಹಳ್ಳಿಯ ನೀರಿಗೂ ಮಕ್ಕಳ ಆರೋಗ್ಯಕ್ಕೂ ಲಾಭ. ಕಣಜ ಕಣಜವೇ, ಕೊಡ ಕೊಡವೇ. ಎರಡರ ಕೆಲಸವೂ ಬೇರೆ.

ಬಿದಿರು ಕಲಿಸಿದ ಪಾಠ

ಹಾಗಾದರೆ ಚಿಂತೆ ಯಾವುದು? ವಿದ್ಯುದ್ವಾರದ ಇಂಗಾಲಕ್ಕಾಗಿ ಪ್ರಯೋಗಶಾಲೆಗಳು ಹುಡುಕುತ್ತಿರುವ ಸಸ್ಯಗಳ ಪಟ್ಟಿಯಲ್ಲಿ ಕರಟದ ಜೊತೆಗೆ ಬಿದಿರು, ಭತ್ತದ ಹೊಟ್ಟು, ಅಡಿಕೆ ಸಿಪ್ಪೆಗಳೂ ಇವೆ. ಸಂಶೋಧನಾ ಪ್ರಬಂಧಗಳಲ್ಲಿ ಇವೆಲ್ಲಕ್ಕೂ ಒಂದೇ ಹೆಸರು: ‘ತ್ಯಾಜ್ಯ’. ಈ ಶಬ್ದವನ್ನು ಕೇಳಿದಾಗ ದಾಂಡೇಲಿಯ ಸುತ್ತಲಿನವರು ಎಚ್ಚೆತ್ತುಕೊಳ್ಳಬೇಕು.

1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆರಂಭವಾದಾಗ ಕಾಡಿನ ಬಿದಿರು ಮುಗಿಯದ ಸಂಪತ್ತೆಂದು ಎಣಿಸಲಾಗಿತ್ತು. ಟನ್ನಿಗೆ ಒಂದೆರಡು ರೂಪಾಯಿಯ ಆಸುಪಾಸಿನ ರಾಜಧನಕ್ಕೆ ಅದು ಕಾರ್ಖಾನೆಗೆ ಸಂದಿತು. ಬುಟ್ಟಿ ಹೆಣೆದು ಬದುಕುವ ಮೇದಾರರು ಅದೇ ಬಿದಿರನ್ನು ಪೇಟೆಯ ದರಕ್ಕೆ ಕೊಳ್ಳಬೇಕಿತ್ತು. ಬಿದಿರು ನಶಿಸುತ್ತಿದೆಯೆಂಬ ದೂರು ಎದ್ದ ಮೇಲೆ, 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಉತ್ತರ ಕನ್ನಡದ ಬಿದಿರು ಮೆಳೆಗಳನ್ನು ಅಧ್ಯಯನ ಮಾಡಿದರು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳುಗಳನ್ನು ಸವರಿ ‘ಸ್ವಚ್ಛ’ಗೊಳಿಸಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅಧಿಕಾರಿಗಳು ನಂಬಿದ್ದರು. ಹಳ್ಳಿಗರು ಮಾತ್ರ ಆ ಮುಳ್ಳನ್ನು ಮುಟ್ಟುತ್ತಿರಲಿಲ್ಲ. ಮುಳ್ಳಿನ ಬೇಲಿಯಿದ್ದಲ್ಲಿ ಎಳೆಯ ಕಳಲೆ ದನಕರು, ಕಾಡುಪ್ರಾಣಿಗಳ ಬಾಯಿಂದ ಉಳಿಯುತ್ತಿತ್ತು. ಸವರಿದಲ್ಲಿ ಕಳಲೆ ಮೇವಾಗಿ ಮೆಳೆಯೇ ಬರಡಾಗುತ್ತಿತ್ತು. ಹಳ್ಳಿಗರ ತಿಳಿವಳಿಕೆಯೇ ಸರಿಯೆಂದು ಅಧ್ಯಯನ ತೋರಿಸಿತು. ಆ ಹೊತ್ತಿಗೆ ಎಷ್ಟೋ ಮೆಳೆಗಳು ಬರಿದಾಗಿದ್ದವು.

‘ತ್ಯಾಜ್ಯ’ದ ಲೆಕ್ಕವೂ ಹೀಗೆಯೇ. ಅಡಿಕೆ ಸಿಪ್ಪೆ ತೋಟದ ಮರದ ಬುಡಕ್ಕೆ ಹೊದಿಕೆ. ಅದರೊಳಗಿನ ಪೊಟ್ಯಾಶ್ ಮರಳಿ ಮಣ್ಣಿಗೆ ಸೇರುತ್ತದೆ. ಬೆಟ್ಟದ ಸೊಪ್ಪು, ದರಕು ಇಲ್ಲದೆ ಮಲೆನಾಡಿನ ತೋಟವಿಲ್ಲ. ಭಾರಿ ಮಳೆಗೆ ಸಾರವೆಲ್ಲ ತೊಳೆದುಹೋಗುವ ಈ ಕೆಂಪುಮಣ್ಣಿಗೆ ಸಾವಯವ ಇಂಗಾಲವೇ ಜೀವ. ಅದನ್ನು ಕಿತ್ತು ದೂರದ ವಿದ್ಯುದ್ವಾರಕ್ಕೆ ಕಳಿಸಿ, ಬದಲಿಗೆ ಚೀಲದ ಗೊಬ್ಬರ ತರುವುದು ಯಾವ ಉಳಿತಾಯ? ಭತ್ತದ ಹೊಟ್ಟಿನಲ್ಲಂತೂ ಮರಳಿನ ಅಂಶವಾದ ಸಿಲಿಕಾ ಹೇರಳವಾಗಿದೆ. ಅದನ್ನು ತೆಗೆಯಲು ಪ್ರಬಲ ಕ್ಷಾರ ಬೇಕು.

ಪ್ರಮಾಣವನ್ನು ಉತ್ಪ್ರೇಕ್ಷಿಸುವುದೂ ಬೇಡ. 3000 ಫ್ಯಾರಡ್‌ನ ಬಿಲ್ಲೆಯೊಂದಕ್ಕೆ ಅಂದಾಜು 120 ಗ್ರಾಂ ಸಕ್ರಿಯ ಇಂಗಾಲ ಸಾಕು. ಕರಟದ ಹತ್ತನೆಯ ಒಂದು ಪಾಲು ಮಾತ್ರ ಕೊನೆಗೆ ಸಕ್ರಿಯ ಇಂಗಾಲವಾಗಿ ಉಳಿಯುತ್ತದೆಂದು ಹಿಡಿದರೂ ಸುಮಾರು ಹತ್ತು ಕಾಯಿಗಳ ಕರಟದಲ್ಲಿ ಕೆಲಸ ಮುಗಿಯುತ್ತದೆ. ಕಾಗದದ ಕಾರ್ಖಾನೆಯ ಹಸಿವಿಗೂ ಇದಕ್ಕೂ ಹೋಲಿಕೆಯಿಲ್ಲ. ಬೇಡಿಕೆ ಚಿಕ್ಕದಾಗಿರುವ ಈ ಹೊತ್ತೇ ಷರತ್ತುಗಳನ್ನು ಬರೆದಿಡಲು ತಕ್ಕ ಸಮಯ. ಬಿದಿರಿನ ವಿಷಯದಲ್ಲಿ ದರ ಮೊದಲು ನಿಶ್ಚಯವಾಯಿತು, ಪ್ರಶ್ನೆ ಆಮೇಲೆ ಹುಟ್ಟಿತು.

ಕಾಳಿ ಕೊಳ್ಳದ ಷರತ್ತುಗಳು

ಮೊದಲನೆಯದು, ಮಣ್ಣಿನ ಮತ್ತು ಒಲೆಯ ಹಕ್ಕು ಮುಂದೆ, ಕಾರ್ಖಾನೆಯದು ಹಿಂದೆ. ಈಗಾಗಲೇ ಸುಟ್ಟು ಬೂದಿಯಾಗುತ್ತಿರುವ ಕರಟದಂತಹ ವಸ್ತುಗಳು ಮಾತ್ರ ಇದ್ದಿಲಾಗಲಿ. ಕಾಡಿನ ಬಿದಿರು, ತೋಟದ ಹೊದಿಕೆ ಈ ಪಟ್ಟಿಗೆ ಸೇರಬಾರದು.

ಎರಡನೆಯದು, ಕರಟವನ್ನು ಮಾರುವ ಬದಲು ಇದ್ದಿಲನ್ನು ಮಾರಬೇಕು. ಹಳ್ಳಿಯ ಸಹಕಾರ ಸಂಘವೊಂದು ಹೊಗೆಯನ್ನು ಒಳಗೇ ಉರಿಸುವ ಮುಚ್ಚಿದ ಭಟ್ಟಿಯನ್ನಿಟ್ಟುಕೊಂಡರೆ ಬೆಲೆಯ ಒಂದು ಪಾಲು ಊರಿನಲ್ಲಿ ಉಳಿಯುತ್ತದೆ. ಆ ಶಾಖದಿಂದ ಅಡಿಕೆಯನ್ನೋ ಏಲಕ್ಕಿಯನ್ನೋ ಒಣಗಿಸಬಹುದು. ತೆರೆದ ಗುಂಡಿಯಲ್ಲಿ ಇದ್ದಿಲು ಸುಡುವುದು ದುಡಿಯುವವರ ಶ್ವಾಸಕೋಶಕ್ಕೂ ಊರಿನ ಗಾಳಿಗೂ ಕೇಡು.

ಮೂರನೆಯದು ನದಿಯದು. ರಂಧ್ರ ತೆರೆಯಲು ಹಬೆಯ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸುವ ವಿಧಾನವೂ ಇದೆ. ಪ್ರಯೋಗಶಾಲೆಗಳಿಗೆ ಅದು ಪ್ರಿಯ, ಏಕೆಂದರೆ ಮೈ ಹೆಚ್ಚು ವಿಸ್ತಾರವಾಗುತ್ತದೆ. ಆದರೆ ಆ ಇಂಗಾಲವನ್ನು ಆಮ್ಲ ಮತ್ತು ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಆ ತೊಳೆದ ನೀರು ಎಲ್ಲಿಗೆ? ಕಾಳಿಯ ದಡದಲ್ಲಿ ಬದುಕುವವರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರನ್ನು ಶುದ್ಧಗೊಳಿಸಿ ಮರುಬಳಸದ ಯಾವ ಘಟಕಕ್ಕೂ ನದಿಕೊಳ್ಳದಲ್ಲಿ ಜಾಗ ಕೂಡದು.

ನಾಲ್ಕನೆಯದು, ಒಪ್ಪಂದದ ಮೇಜಿನಲ್ಲಿ ಗ್ರಾಮಸಭೆ ಇರಬೇಕು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿ ಅದರ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ನಿರ್ವಹಣಾ ಸಮಿತಿಯಿರಬೇಕೆನ್ನುತ್ತದೆ. ಆದರೆ ಜೋಯಿಡಾದ ಕುಣಬಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಇನ್ನೂ ಬೇಡಿಕೆಯಾಗಿಯೇ ಉಳಿದಿರುವುದರಿಂದ, ‘ಇತರ ಪಾರಂಪರಿಕ ಅರಣ್ಯವಾಸಿ’ಗಳೆಂದು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕಾದ ಹೊರೆ ಅವರ ಮೇಲಿದೆ. ಹಕ್ಕುಪತ್ರವಿಲ್ಲದವರ ಹೆಸರಿನಲ್ಲಿ ಯಾರೂ ಒಪ್ಪಂದ ಮಾಡಿಕೊಳ್ಳುವುದಿಲ್ಲ. ನ್ಯಾನೊ ತಂತ್ರಜ್ಞಾನದ ಮಾತು ಕೊನೆಗೆ ಬಂದು ತಲುಪುವುದು ಇದೇ ಹಳೆಯ ಪ್ರಶ್ನೆಗೆ.

ಇದರಲ್ಲಿ ವಿದ್ಯಾರ್ಥಿಗಳ ಪಾಲೂ ಇದೆ. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಒಂದೆಡೆಯ ವಿದ್ಯಾರ್ಥಿಗಳು ಕರಟದ ಇಂಗಾಲದ ಫ್ಯಾರಡ್ ಅಳೆಯಲಿ, ಇನ್ನೊಂದೆಡೆಯವರು ಸಿಪ್ಪೆ ಹೊದಿಸಿದ ಮತ್ತು ಹೊದಿಸದ ತೋಟದ ಮಣ್ಣನ್ನು ಅಳೆಯಲಿ. ಎರಡು ಅಂಕಿಗಳನ್ನೂ ಒಂದೇ ಹಾಳೆಯ ಮೇಲೆ ಬರೆದು ಗ್ರಾಮಸಭೆಯೆದುರು ಓದಿದರೆ, ಯಾವುದು ತ್ಯಾಜ್ಯ ಯಾವುದು ಸಂಪತ್ತು ಎಂಬುದನ್ನು ಊರೇ ನಿರ್ಧರಿಸೀತು.

ಸುಪಾದ ಕಣಜ ಕಟ್ಟುವಾಗ ಊರನ್ನು ಯಾರೂ ಕೇಳಲಿಲ್ಲ. ಬಿದಿರಿಗೆ ಬೆಲೆ ಕಟ್ಟುವಾಗಲೂ ಕೇಳಲಿಲ್ಲ. ಇದ್ದಿಲಿನ ಈ ಚಿಕ್ಕ ಕಣಜ ಇನ್ನೂ ಹೊಸ್ತಿಲಾಚೆ ನಿಂತಿದೆ. ಅದನ್ನು ಒಳಗೆ ಕರೆಯುವ ಮುನ್ನ ಷರತ್ತನ್ನು ಓದಿ ಹೇಳುವ ಅವಕಾಶ ಮಲೆನಾಡಿಗೆ ಈ ಬಾರಿಯಾದರೂ ಇದೆ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಅದಕ್ಕೊಂದು ಸಾಲು ಸಿಗಲಿ.